ದುಡಿಯಲು ಹೊರಟ ಹುಡುಗನ ಸುರಕ್ಷತೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮರುವಾರವೇ ಎಷ್ಟೋ ಹುಡುಗರು ಗ್ಯಾರೇಜು, ಹೋಟೆಲು, ಅಂಗಡಿಗಳಲ್ಲಿ ಕಾಣಿಸಿಕೊಳ್ಳುತ್ತಾರೆ. 'ಮನೆಯಲ್ಲಿ ಸುಮ್ಮನೆ ಕೂರುವ ಬದಲು ನಾಲ್ಕು ಕಾಸು ಸಂಪಾದಿಸಲಿ' ಎನ್ನುತ್ತಾರೆ ಹಿರಿಯರು. ಆದರೆ ಸಂಬಳವೆಷ್ಟೆಂದು ಕೇಳುವ ತಂದೆತಾಯಿಗಳು, ಅಲ್ಲಿ ಮಗನಿಗೆ ಯಾವ ಕೆಲಸ ಹಚ್ಚುತ್ತಾರೆಂದು ಕೇಳುವುದು ಅಪರೂಪ.

ಕಾನೂನು ಸ್ಪಷ್ಟವಾಗಿದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯಂತೆ, 14 ವರ್ಷ ತುಂಬದ ಮಗುವನ್ನು ಅಂಗಡಿ, ಹೋಟೆಲು, ಕಾರ್ಖಾನೆ, ಮನೆಗೆಲಸ ಯಾವುದಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರ ಕಸುಬಿಗೆ ನೆರವಾಗಬಹುದು. ಅದೂ ಅಪಾಯಕಾರಿ ಕಸುಬಾಗಿರಕೂಡದು. 14ರಿಂದ 18ರೊಳಗಿನವರನ್ನು ಗಣಿ, ಸಿಡಿಮದ್ದು ಮುಂತಾದ ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ. ಉಳಿದ ಕಡೆಯೂ ವಿರಾಮ ಸೇರಿ ದಿನಕ್ಕೆ 6 ಗಂಟೆ ಮೀರಬಾರದು. ಸಂಜೆ 7ರಿಂದ ಬೆಳಗ್ಗೆ 8ರವರೆಗೆ ದುಡಿಸಬಾರದು. ರಾತ್ರಿ ಹತ್ತಕ್ಕೆ ನಮ್ಮ ಟೇಬಲ್ ಒರೆಸುವ ಹುಡುಗನ ವಯಸ್ಸನ್ನು ನಾವು ಎಂದಾದರೂ ಕೇಳಿದ್ದೇವೆಯೇ?

ಈ ಮಿತಿಗಳಿಗೆ ವೈದ್ಯಕೀಯ ಕಾರಣಗಳೂ ಇವೆ. ಹದಿನೈದರ ಹುಡುಗನ ಮೂಳೆಗಳ ತುದಿಯಲ್ಲಿ ಬೆಳವಣಿಗೆ ನಡೆಯುವ ಭಾಗ ಇನ್ನೂ ಮೆದುವಾಗಿರುತ್ತದೆ. ಅಲ್ಲಿ ಪೆಟ್ಟಾದರೆ ಕೈಕಾಲು ಸೊಟ್ಟಗಾಗುವ, ಗಿಡ್ಡವಾಗುವ ಸಂಭವವುಂಟು. ಆ ವಯಸ್ಸಿಗೆ ರಾತ್ರಿ ಕನಿಷ್ಠ 8 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟವನ ಕೈ ಕಾದ ಎಣ್ಣೆಯ ಬಾಣಲೆಯ ಮುಂದೆಯೂ ತಪ್ಪಬಹುದು.

ಗ್ಯಾರೇಜಿನ ಎರಡು ಅಭ್ಯಾಸಗಳು ಬಲು ಕೆಟ್ಟವು. ಒಂದು, ಪೈಪನ್ನು ಬಾಯಲ್ಲಿಟ್ಟು ಪೆಟ್ರೋಲ್ ಎಳೆಯುವುದು. ಸ್ವಲ್ಪವೇ ಶ್ವಾಸಕೋಶಕ್ಕೆ ಇಳಿದರೂ ತೀವ್ರ ಉರಿಯೂತವಾಗುತ್ತದೆ. ಆಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನೊಂದು, ಕಂಪ್ರೆಸರ್ ಗಾಳಿಯನ್ನು ತಮಾಷೆಗೆ ಒಬ್ಬರ ಮೈಗೊಬ್ಬರು ಬಿಡುವುದು. 2024ರಲ್ಲಿ ಬೆಂಗಳೂರಿನ ಯುವಕನೊಬ್ಬ ಇದೇ 'ತಮಾಷೆ'ಯಲ್ಲಿ ಕರುಳಿಗೆ ಹಾನಿಯಾಗಿ ಪ್ರಾಣ ಕಳೆದುಕೊಂಡ.

'ಹುಷಾರಾಗಿರಪ್ಪಾ' ಎಂದು ಹೇಳಿ ಕಳಿಸಿದರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ಅಪಾಯವೆಂದು ಗೊತ್ತಿದ್ದರೂ ಮಾಲೀಕನಿಗೆ 'ಆಗುವುದಿಲ್ಲ' ಎನ್ನುವ ಧೈರ್ಯ ಆ ವಯಸ್ಸಿಗಿರುವುದಿಲ್ಲ. ಆ ಮಾತನ್ನು ಹುಡುಗನ ಪರವಾಗಿ ಹಿರಿಯರೇ ಮೊದಲ ದಿನ ಆಡಬೇಕು. ಒಮ್ಮೆ ಹೋಗಿ ಜಾಗ ನೋಡಿ ಬನ್ನಿ. ಬ್ಯಾಟರಿ ಆಸಿಡ್, ವೆಲ್ಡಿಂಗ್, ಕಾದ ಎಣ್ಣೆ, ಭಾರದ ಮೂಟೆ ಇವನಿಗೆ ಬೇಡವೆಂದು ಹೇಳಿ. ಎಷ್ಟು ಹೊತ್ತಿಗೆ ಬಿಡುತ್ತಾರೆ, ಗಾಯವಾದರೆ ಯಾರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಎಂದು ಕೇಳಿ. ಉತ್ತರ ಕೊಡಲು ತಡವರಿಸುವ ಕಡೆ ಮಗನನ್ನು ಬಿಡಬೇಡಿ.

ಇಷ್ಟು ನೆನಪಿರಲಿ: ಸುಟ್ಟ ಜಾಗಕ್ಕೆ ಇಂಕು, ಟೂತ್‌ಪೇಸ್ಟ್ ಬೇಡ, 20 ನಿಮಿಷ ತಣ್ಣೀರು ಹರಿಯಬಿಡಿ. ಕಣ್ಣಿಗೆ ಆಸಿಡ್ ಸಿಡಿದರೂ ತಕ್ಷಣ ಧಾರಾಳ ನೀರಿನಿಂದ ತೊಳೆದು, ಆಮೇಲೆ ವೈದ್ಯರ ಬಳಿ ಹೋಗಿ. 16ನೇ ವಯಸ್ಸಿನ ಟಿ.ಡಿ. ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ತಪ್ಪದೆ ಹಾಕಿಸಿ.

ಹದಿನಾಲ್ಕು ತುಂಬದ ಮಗು ದುಡಿಯುವುದು ಕಂಡರೆ 1098ಕ್ಕೆ ಫೋನ್ ಮಾಡಿ. ಆ ಮಗುವಿಗೆ ಬೇಕಾದದ್ದು ಕೈಗವಸು, ಮಾಸ್ಕುಗಳಲ್ಲ, ಶಾಲೆ.