ಪೌತಿ ಎಂಬ ಎರಡಕ್ಷರ
ಮುತ್ತಜ್ಜ ತೀರಿಕೊಂಡದ್ದು ಯಾವಾಗ ಎಂದು ಕೇಳಿದರೆ ನಮ್ಮ ಎಷ್ಟೋ ಮನೆಗಳಲ್ಲಿ ಇಸವಿ ಸಿಗುವುದಿಲ್ಲ, ತಿಥಿ ಸಿಗುತ್ತದೆ. ವರ್ಷಾವರ್ಷ ಶ್ರಾದ್ಧ ಮಾಡಿದವರ ನೆನಪು ಅದು. ಸಂವತ್ಸರವೂ ಗೊತ್ತಿದ್ದರೆ ಅರ್ಧ ದಾರಿ ನಡೆದಂತೆಯೇ. ಉದಾಹರಣೆಗೆ, ಕಾಳಯುಕ್ತಿ ಸಂವತ್ಸರದ ಆಶ್ವಯುಜ ಎಂದರೆ 1918ರ ಅಕ್ಟೋಬರ್. ಇನ್‌ಫ್ಲುಯೆಂಜಾ ಜ್ವರ ಊರಿಗೆ ಊರನ್ನೇ ಮಲಗಿಸಿದ ತಿಂಗಳು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದಾದ್ದರಿಂದ, ಅದು 1858 ಅಲ್ಲವೆಂಬುದನ್ನು ತಲೆಮಾರು ಎಣಿಸಿ ಖಚಿತ ಮಾಡಿಕೊಳ್ಳಬೇಕು. ಆಗಿನ ಪತ್ರಿಕೆಗಳನ್ನು ತೆರೆದರೆ ಸಾಹುಕಾರರ, ಅಧಿಕಾರಿಗಳ ನಿಧನವಾರ್ತೆ ಇದ್ದೀತು. ಹಳ್ಳಿಯ ರೈತನ ಹೆಸರು ಕಾಣುವುದು ಅಪರೂಪ. ಅವನು ಸಿಗುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಜಮೀನು ಮಕ್ಕಳ ಹೆಸರಿಗೆ ತಿರುಗಿದಾಗ ಬರೆದ, ಮರಣ ಎಂಬರ್ಥದ ‘ಪೌತಿ’ ಎಂಬ ಎರಡಕ್ಷರದ ಪಕ್ಕದಲ್ಲಿ. ಖಾತೆ ಬದಲಾದ ದಿನವನ್ನೇ ಸತ್ತ ದಿನವೆಂದುಕೊಳ್ಳಬೇಡಿ, ನಡುವೆ ಎಷ್ಟೋ ವರ್ಷ ಕಳೆದಿರಬಹುದು. ಜಮೀನೇ ಇಲ್ಲದೆ ಕೂಲಿ ಮಾಡಿ ಬದುಕಿದವನಿಗೆ ಆ ಎರಡಕ್ಷರವೂ ಇಲ್ಲ. ನನ್ನನ್ನು ಹೆಚ್ಚು ನೋಯಿಸುವುದು ಇದೇ. ಅಂಥ ಮನೆಗಳಲ್ಲಿ ಅಜ್ಜಿಯ ಮಾತೇ ದಾಖಲೆ. ಈ ಪಿತೃಪಕ್ಷಕ್ಕೆ ಊರಿಗೆ ಹೋದಾಗ ಅವರ ಪಕ್ಕ ಕುಳಿತು ಕೇಳಿ, ಸಂವತ್ಸರ ಸಮೇತ ಬರೆದಿಟ್ಟುಕೊಳ್ಳಿ.