ಒಳಕಲ್ಲು ತೀರ್ಥದ ಮುಂದೆ ನಾನು ಮಾಡಿದ ತಪ್ಪು

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಗ ಜಪಾನಿನಲ್ಲಿ ಇಂಜಿನಿಯರ್ ಆಗಿದ್ದಾನೆ. ಕಳೆದ ತಿಂಗಳು ಅವನು ಕೋಯಾಸಾನ್ ಬೆಟ್ಟವನ್ನು ನಡೆದು ಹತ್ತಿದ ಚಿತ್ರಗಳನ್ನು ಕಳುಹಿಸಿದ್ದನು. ಕ್ರಿ.ಶ. 816ರಲ್ಲಿ ಕೂಕಾಯಿ ಎಂಬ ಬೌದ್ಧ ಯತಿಯು ಸಾಧನೆಗೆಂದು ಆರಿಸಿಕೊಂಡ ಬೆಟ್ಟವದು. ಅಡಿಯಿಂದ ಮೇಲಿನ ದೇವಾಲಯಗಳವರೆಗೆ ಸುಮಾರು 109 ಮೀಟರಿಗೊಂದರಂತೆ 180 ಕಲ್ಲುಕಂಬಗಳು ಯಾತ್ರಿಕರಿಗೆ ದಾರಿ ತೋರಿಸುತ್ತವೆ. 2004ರಲ್ಲಿ ಯುನೆಸ್ಕೊ ಆ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪತ್ರದ ಕೊನೆಯಲ್ಲಿ ಅವನು ಬರೆದಿದ್ದನು: “ಮೇಷ್ಟ್ರೇ, ಹತ್ತುವಾಗ ನನಗೆ ಶಿವಗಂಗೆಯೇ ನೆನಪಾಯಿತು.”

ನನಗೂ ನೆನಪಾಯಿತು. ಆದರೆ ಆ ನೆನಪಿನಲ್ಲಿ ಸಂತೋಷದ ಜೊತೆಗೆ ಒಂದು ಮುಳ್ಳೂ ಇದೆ.

ಪೀಣ್ಯದ ಬಳಿಯ ಶಾಲೆಯಲ್ಲಿದ್ದಾಗ ಪ್ರತಿವರ್ಷ ಮಕ್ಕಳನ್ನು ಶಿವಗಂಗೆಗೆ ಕರೆದೊಯ್ಯುತ್ತಿದ್ದೆವು. ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಯವರೆಗೆ ಹೋಗಿ ತಿರುಗಿದರೆ ಬೆಟ್ಟ ಎದುರಿಗೇ ನಿಲ್ಲುತ್ತದೆ. ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ ಎಂಬುದು ಜನರ ಮಾತು. ಮಕ್ಕಳು ಬಸ್ಸಿನ ಕಿಟಕಿಯಿಂದಲೇ ವಾದಕ್ಕಿಳಿಯುತ್ತಿದ್ದರು. ಕೆಳಗೆ ಬಂಡೆಯ ಗುಹೆಯಲ್ಲಿ ಗಂಗಾಧರೇಶ್ವರ, ಸಮೀಪದಲ್ಲೇ ಹೊನ್ನಾದೇವಿ. ಅಭಿಷೇಕದ ತುಪ್ಪ ಅಲ್ಲಿ ಬೆಣ್ಣೆಯಾಗುವುದೆಂದು ಭಕ್ತರು ನಂಬುತ್ತಾರೆ. “ನಂಬುವ ಮೊದಲೂ ನೋಡಿ, ನಗುವ ಮೊದಲೂ ನೋಡಿ” ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆನು. ಆ ಮಾತನ್ನು ನಾನೇ ಪಾಲಿಸಲಿಲ್ಲ.

ಮೆಟ್ಟಿಲೇರಿದರೆ ದಾರಿಯಲ್ಲಿ ಒಳಕಲ್ಲು ತೀರ್ಥ ಸಿಗುತ್ತದೆ. ಬಂಡೆಯಲ್ಲಿರುವ ಒರಳಿನಂತಹ ಕುಳಿಗೆ ಕೈಯಿಳಿಸಬೇಕು. ಪುಣ್ಯವಂತರಿಗೆ ಮಾತ್ರ ನೀರು ಸಿಗುತ್ತದೆ ಎಂಬುದು ಪ್ರತೀತಿ. 1986ರ ಪ್ರವಾಸದಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗನಿಗೆ ನೀರು ಎಟುಕಲಿಲ್ಲ. ಅವನ ತಂದೆ ಕಾರ್ಖಾನೆಯೊಂದರಲ್ಲಿ ದಿನಗೂಲಿಯಾಗಿದ್ದು, ಆ ವರ್ಷವಷ್ಟೇ ತೀರಿಕೊಂಡಿದ್ದರು. ಸಾಲಿನಲ್ಲಿದ್ದ ಯಾರೋ “ಪಾಪ ಮಾಡಿದ್ದೀಯ ಕಣೋ” ಎಂದರು. ಮಕ್ಕಳು ನಕ್ಕರು. ನಾನೂ ಮುಗುಳ್ನಕ್ಕು “ನಡೆಯಿರಿ, ಹೊತ್ತಾಯಿತು” ಎಂದೆನು. ಬಸವಣ್ಣನ ಬಳಿ, ಕಂಬಿ ಹಿಡಿದು ಏರುವ ಕಡಿದಾದ ಜಾಗದಲ್ಲಿ, ಅವನು ನನ್ನ ಪಕ್ಕಕ್ಕೆ ಬಂದು ಕೇಳಿದನು: “ಸಾರ್, ನಮ್ಮಪ್ಪ ಸತ್ತದ್ದು ನನ್ನ ಪಾಪದಿಂದಲಾ?”

ನಾನು “ಛೆ, ಹಾಗೆಲ್ಲ ಅನ್ನಬಾರದು” ಎಂದು ಗದರಿಸಿದೆನೇ ಹೊರತು ಉತ್ತರ ಕೊಡಲಿಲ್ಲ.

ಉತ್ತರ ಕಷ್ಟದ್ದಾಗಿರಲಿಲ್ಲ. ನೀರು ಎಟುಕುವುದು ಕೈಯ ಉದ್ದವನ್ನೂ ಕುಳಿಯೊಳಗಿನ ನೀರಿನ ಮಟ್ಟವನ್ನೂ ಅವಲಂಬಿಸಿದೆ. ಅವನು ತರಗತಿಯಲ್ಲೇ ಗಿಡ್ಡನಾದ ಹುಡುಗ. ಇನ್ನೊಂದನ್ನೂ ಹೇಳಬಹುದಿತ್ತು. ಇದೇ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿಯು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅಲ್ಲಿ 1933ರಲ್ಲಿ ಸಿದ್ಧವಾದ ಜಲಾಶಯದ ನೀರನ್ನು ಬೆಂಗಳೂರು ದಶಕಗಳ ಕಾಲ ಕುಡಿಯಿತು. ಕುಡಿದವರ ಪಾಪಪುಣ್ಯದ ಲೆಕ್ಕವನ್ನು ಆ ನೀರು ಕೇಳಲಿಲ್ಲ.

ಹಾಗಾದರೆ ಪ್ರತೀತಿಗಳನ್ನೆಲ್ಲ ತೊಡೆದುಹಾಕಬೇಕೇ? ನನ್ನ ಅಭಿಪ್ರಾಯ ಅದಲ್ಲ. ಹೊಯ್ಸಳರ ರಾಣಿ ಶಾಂತಲೆಯು ಈ ಬೆಟ್ಟದ ಅಂಚಿನಿಂದ ಧುಮುಕಿದಳೆಂದು ಕಥೆ ಹೇಳುತ್ತದೆ. ಶ್ರವಣಬೆಳಗೊಳದ ಶಾಸನವು 1131ರಲ್ಲಿ ಅವಳು ಶಿವಗಂಗೆಯಲ್ಲಿ ಮುಡಿಪಿದಳೆಂದು ತಿಳಿಸುತ್ತದೆ. ಧುಮುಕಿದ ಮಾತು ಅಲ್ಲಿಲ್ಲ. ಎರಡನ್ನೂ ಮಕ್ಕಳ ಮುಂದಿಟ್ಟರೆ ಕಥೆಯ ಸೊಗಸೂ ಉಳಿಯುತ್ತದೆ, ಇತಿಹಾಸದ ವಿವೇಕವೂ ಬೆಳೆಯುತ್ತದೆ. ಕಥೆಯಿಂದ ಯಾರಿಗೂ ಕೇಡಿಲ್ಲ. ಆದರೆ ಅದೇ ಕಥೆಯನ್ನು ತಕ್ಕಡಿಯಾಗಿಸಿ ಎದುರಿಗಿರುವ ಮಗುವನ್ನು ತೂಗಲು ಹೊರಟಾಗ ಹಿರಿಯರು ತಡೆಯಬೇಕು. ದೇವರ ಸನ್ನಿಧಿಯಲ್ಲಿದ್ದೇವೆಂಬ ಸಂಕೋಚದಿಂದ ಸುಮ್ಮನಿರುವುದು ಭಕ್ತಿಯಲ್ಲ.

ಈಗ ನನ್ನ ಮೊಣಕಾಲುಗಳು ಕೆಳಗಿನ ಗುಡಿಯಿಂದಾಚೆಗೆ ಒಪ್ಪುವುದಿಲ್ಲ. ನಿಮ್ಮಲ್ಲಿ ಅನೇಕರು ವಾರಾಂತ್ಯದಲ್ಲಿ ಮಕ್ಕಳೊಡನೆ ಅಲ್ಲಿಗೆ ಹೋಗುತ್ತೀರೆಂದು ಬಲ್ಲೆನು. ಖಂಡಿತ ಹೋಗಿರಿ. ಸಂಕ್ರಾಂತಿಯಂದು ಗಂಗೆ ಉದ್ಭವಿಸುವಳೆಂದು ನಂಬುವ ತುದಿಯ ತೀರ್ಥಕಂಬದವರೆಗೂ ಹತ್ತಿಸಿರಿ. ಒಳಕಲ್ಲಿನ ಬಳಿ ಮಗುವಿನ ಕೈಗೆ ನೀರು ಸಿಗದಿದ್ದರೆ, ಸಿಗದಿರಲು ಕಾರಣವನ್ನು ಅಲ್ಲಿಯೇ ತಿಳಿಸಿ ಮುಂದೆ ನಡೆಯಿರಿ. ಹಿಂದಿನ ಸಾಲಿನಲ್ಲಿರುವ ಬೇರೆಯವರ ಮಗುವಿಗೂ ಕೇಳಿಸುವಂತೆ ಹೇಳಿರಿ.

ಆ ಹುಡುಗನು ಈಗ ಐವತ್ತರ ಸಮೀಪದಲ್ಲಿರಬೇಕು. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ಅಂದು ನೀನು ಕೇಳಿದ ಪ್ರಶ್ನೆಗೆ ಉತ್ತರ “ಅಲ್ಲ” ಎಂದು. ಇಷ್ಟು ತಡವಾಗಿ ಹೇಳುತ್ತಿರುವುದಕ್ಕೆ ನಿನ್ನ ಮೇಷ್ಟ್ರನ್ನು ಕ್ಷಮಿಸು.