ಹೊಟ್ಟಿ ಬ್ಯಾನಿ ಯಾವ ಭಾಷೆಯಲ್ಲಿ ಹೇಳಬೇಕು?

ದುಧನಿಯ ಅಡತಿಯಲ್ಲಿ ತೊಗರಿ ಮಾರುವಾಗ ನಮಗೆ ಭಾಷೆಯ ತೊಡಕಿಲ್ಲ. ಕನ್ನಡದಲ್ಲಿ ದರ ಕೇಳಿ, ಮರಾಠಿಯಲ್ಲಿ ಪಟ್ಟಿ ಬರೆಸುತ್ತೇವೆ. ತೊಡಕು ಬರುವುದು ಡಾಕ್ಟರ ಮುಂದೆ ಕುಂತಾಗ.

ಎರಡು ವರ್ಷ ನನಗೆ ಹೊಟ್ಟೆ ನುಲಿತ, ಉಬ್ಬರ. ಸೋಲಾಪುರದ ಒಬ್ಬ ಡಾಕ್ಟರು, "ರೋಜ್ ಸಂಡಾಸಲಾ ಹೋತೆ ಕಾ?" ಎಂದರು. "ಹೋತೆ" ಅಂದೆ. ಹಾಗಾದರೆ ಮಲಬದ್ಧತೆ ಇಲ್ಲವೆಂದು ಬರೆದರು. ದಿನಾ ಆಗ್ತದ, ಆದರ ಹೊಟ್ಟಿ ಸಾಫ್ ಆಗೂದಿಲ್ಲ ಎಂದು ಹೇಳಲು ನಾಚಿಕೆ. ಕಲಬುರಗಿಯಲ್ಲಿ 'ಗ್ಯಾಸ್' ಅಂದೆ, ಗ್ಯಾಸಿನ ಗುಳಿಗೆ ಸಿಕ್ಕಿತು. ಮೂರನೆಯವರು ಅರ್ಧ ತಾಸು ಕೂಡಿಸಿ ಕೇಳಿದ ಮೇಲೆ ಐಬಿಎಸ್, ಅಂದರೆ ಕರುಳು ಕೆರಳುವ ತೊಂದರೆ ಎಂದು ತಿಳಿಯಿತು.

ಈ ಬ್ಯಾನಿ ರಕ್ತ ಪರೀಕ್ಷೆಯಲ್ಲಾಗಲಿ ಸ್ಕ್ಯಾನಿಂಗಿನಲ್ಲಾಗಲಿ ಕಾಣುವುದಿಲ್ಲ. ಅವು ಬೇರೆ ರೋಗ ಇಲ್ಲವೆಂದು ನೋಡಲಿಕ್ಕೆ. (ರಕ್ತ ಬಿದ್ದರೆ, ತೂಕ ಇಳಿದರೆ ಅವನ್ನು ತಪ್ಪಿಸಬಾರದು.) ಉಳಿದಂತೆ ರೋಗಿಯ ಮಾತೇ ಪುರಾವೆ. ಅಳತೆಗೋಲು ಮಾತ್ರ ಪರದೇಶದ್ದು. ವಾರಕ್ಕೆ ಮೂರಕ್ಕಿಂತ ಕಡಿಮೆ ಸಲ ಹೋದರೆ ಮಲಬದ್ಧತೆ ಎಂಬುದು ಅಲ್ಲಿನ ಲೆಕ್ಕ. ನಮ್ಮ ದೇಶದ ವೈದ್ಯರು 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಇಲ್ಲಿ ಬಹುತೇಕರು ದಿನಕ್ಕೊಮ್ಮೆಯಾದರೂ ಹೋಗುವವರೇ.

2016ರ ರೋಮ್-4 ನಿಯಮ 'ಡಿಸ್‌ಕಂಫರ್ಟ್' ಎಂಬ ಪದವನ್ನೇ ತೆಗೆಯಿತು, ಕೆಲವು ಭಾಷೆಗಳಲ್ಲಿ ಅದಕ್ಕೆ ಮಾತಿಲ್ಲವೆಂದು. ಈಗ ವಾರಕ್ಕೊಮ್ಮೆಯಾದರೂ 'ನೋವು' ಇರಬೇಕು. ಸರಿಯೇ. ಆದರೆ ಬರೀ 'ಉಬ್ಬರ' ಅನ್ನುವ ನಮ್ಮ ರೈತ ಎಲ್ಲಿ ಹೋಗಬೇಕು?

ಗಡಿಯ ಸರಕಾರಿ ದವಾಖಾನೆಗಳಲ್ಲಿ ಈ ಪ್ರಶ್ನೆಗಳು ಕನ್ನಡ, ಮರಾಠಿ ಎರಡರಲ್ಲೂ ಆಡುಮಾತಿನಲ್ಲಿರಲಿ. ಎಷ್ಟು ಸಲ ಅಂತ ಕೇಳಿ ಬಿಡಬ್ಯಾಡ್ರಿ, ಸಾಫ್ ಆಗ್ತದೇನು ಅಂತನೂ ಕೇಳ್ರಿ.